ಹತ್ತೊಂಬತ್ತು ಬೀಗದ ಕೈ

ಹೊರಡುವ ಮುಂಜಾನೆ ಹೊಂಗೆ ಮರದ ಕೆಳಗೆ
ನನ್ನ ಇಸ್ತ್ರಿ ಗಾಡಿಯ ಮುಂದೆ ಸಾಲು ನಿಂತು
ಒಬ್ಬೊಬ್ಬರಾಗಿ ಕೊಟ್ಟರು ಬೀಗದ ಕೈ.
ಸ್ಟೇಡಿಯಂನಲ್ಲಿ ದಿನಾ ಆರು ಸುತ್ತು ನಡೆಯುವ ಹೆಂಗಸರು,
ಮೂರು ವರ್ಷ ಚೀಟಿ ಕಟ್ಟಿ ಹೊರಟಿದ್ದು ಜೋರ್ಡಾನಿಗೆ.
ಸುಭಾಷ್ ನಗರದ ಹತ್ತೊಂಬತ್ತು ಮನೆಗಳನ್ನು
ಒಂದೇ ಹುರಿಯಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡೆ.
"ಮಾಚಣ್ಣ, ತುಳಸಿಗೆ ನೀರು." "ಮಾಚಣ್ಣ, ಸಂಪಿನ ಮೋಟರು."
"ಬೆಕ್ಕಿಗೆ ಅರ್ಧ ಪ್ಯಾಕೆಟ್ ಹಾಲು, ಪೂರ್ತಿ ಹಾಕಿದ್ರೆ ಕಕ್ತದೆ."
ನರ್ಸ್ ಸಲೋಮಿ ಏನೂ ಹೇಳಲಿಲ್ಲ.
ಬೀಗದ ಕೈಗೆ ಸುತ್ತಿದ ಪ್ಲಾಸ್ಟರಿನ ಮೇಲೆ ಬರೆದಿದ್ದರು:
ಎಡಕ್ಕೆ ಎರಡು ಸಲ.

ಪುಟ್ಟತಾಯಮ್ಮ ಹತ್ತಿರ ಬಂದು, ಗುಟ್ಟು ಹೇಳುವಂತೆ,
"ಅಲ್ಲೊಂದು ಸಮುದ್ರ ಅದಂತೆ ಕಣಪ್ಪ, ಮುಳುಗಿಸಾಕಿಲ್ವಂತೆ."
ಅವರ ತಮ್ಮನನ್ನು ನಾಲೆ ತಗೊಂಡು ಐವತ್ತು ವರ್ಷ.
ಅಂದಿನಿಂದ ಬಕೆಟ್ಟಿನ ನೀರನ್ನೂ ನಂಬಿದವರಲ್ಲ.

ನಾಲ್ಕನೆಯ ದಿನ ಫೋಟೊ ಬಂತು:
ಹೂವಿನ ನೈಟಿಯಲ್ಲಿ ಅಂಗಾತ, ನೀರ ಮೇಲೆ ಪುಟ್ಟತಾಯಮ್ಮ,
ಎರಡೂ ಕೈ ಮೇಲೆತ್ತಿ,
ನೋಡಿ, ಏನನ್ನೂ ಹಿಡಿದಿಲ್ಲ ಅನ್ನುವಂತೆ.

ಐದನೆಯ ದಿನ ಯುದ್ಧ.

ಆ ದೇಶದ್ದಲ್ಲ. ಆಚೆಯವರಿಗೂ ಈಚೆಯವರಿಗೂ.
ಬಾಣ ಹಾರುವ ದಾರಿ ಮಾತ್ರ ಇವರ ನೆತ್ತಿಯ ಮೇಲೆ.
ಕೂಸು ಬಡವಾಯ್ತು ಅನ್ನೋ ಗಾದೆಯೂ ಹೊಂದುವುದಿಲ್ಲ,
ಇವರು ಯಾರ ಕೂಸೂ ಅಲ್ಲ, ಆರು ದಿನದ ನೆಂಟರು.
ಟಿ.ವಿ.ಯವನು ಹೇಳಿದ: ವಾಯುಮಾರ್ಗ ಮುಚ್ಚಿದೆ.
ಆಕಾಶಕ್ಕೂ ಬಾಗಿಲಿರುತ್ತೆ ಅಂತ ಗೊತ್ತಿರಲಿಲ್ಲ ನನಗೆ.
ಬೀಗ ಜಡಿದವರು ಯಾರು? ಅದರ ಕೈ ಯಾವ ಸೊಂಟದಲ್ಲಿದೆ?
ನನ್ನ ಸೊಂಟದಲ್ಲಿ ಹತ್ತೊಂಬತ್ತು ಗಲಗಲ ಅಂದವು,
ಒಂದೂ ಅದಕ್ಕೆ ಕೂಡುವುದಲ್ಲ.

ಹೊಂಬಾಳಮ್ಮನ ವಾಯ್ಸ್ ಮೆಸೇಜು. ಉಸಿರು ಮೊದಲು, ಮಾತು ಆಮೇಲೆ:
"ನಮ್ಮ ಸಕ್ಕರೆ ಫ್ಯಾಕ್ಟ್ರಿ ಸೈರನ್ ಇದ್ದಂಗೇ ಅದೆ ಮಾಚಣ್ಣ,
ಅದೇ ರಾಗ. ಆದ್ರೆ ಯಾರೂ ಡಬ್ಬಿ ಹಿಡ್ಕೊಂಡು ಈಚೆಗೆ ಬರಾಕಿಲ್ಲ,
ಎಲ್ಲಾರೂ ಕೆಳಕ್ಕೆ ಓಡ್ತಾರೆ. ಹೋಟ್ಲು ಕೆಳಗೆ
ಕಾರು ನಿಲ್ಸೋ ಜಾಗದಲ್ಲಿ ಕುಂತಿದ್ದೀವಿ.
ಶಮೀಮ ದುವಾ ಓದ್ತಾವ್ಳೆ, ಸಲೋಮಿ ಬಿಪಿ ನೋಡ್ತಾವ್ಳೆ,
ದಾಕ್ಷಾಯಿಣಿ ಟೀಚರು ತಲೆ ಎಣಿಸ್ತಾನೇ ಅವ್ರೆ,
ಹತ್ತೊಂಬತ್ತು ಬಂದ್ರೂ ನಂಬ್ದೆ ಮತ್ತೆ ಎಣಿಸ್ತಾರೆ.
ಬೆಕ್ಕು ಹಾಲು ಕುಡೀತಾ?"

ಕುಡೀತು. ಪೂರ್ತಿ ಪ್ಯಾಕೆಟ್ ಹಾಕಿಬಿಟ್ಟಿದ್ದೆ, ಕಕ್ಕಿತು.
ಅದನ್ನು ಹೇಳಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಎದ್ದು
ಒಂದೊಂದೇ ಮನೆ ತೆಗೆದು ದೀಪ ಹಾಕುತ್ತಾ ಹೋದೆ,
ಜಗುಲಿಯದು, ನಡುಮನೆಯದು, ದೇವರ ಗೂಡಿನ ಕೆಂಪು ಬಲ್ಬು.
ಸಲೋಮಿಯ ಮನೆಗೆ ಎಡಕ್ಕೆ ಎರಡು ಸಲ.
ಅದೇ ಹೊತ್ತಿಗೆ ಅಲ್ಲಿ, ದೀಪ ಆರಿಸಿ ಅಂತ ಕೂಗುತ್ತಿದ್ದರಂತೆ.
ಬೀದಿಯ ತುದಿಯಲ್ಲಿ ನಿಂತು ನೋಡಿದೆ:
ಗೌರಿ ಹಬ್ಬದಂತಿತ್ತು,
ಒಬ್ಬ ಹೆಂಗಸೂ ಇಲ್ಲದ ಗೌರಿ ಹಬ್ಬ.
ಬೀಟಿನ ಪೊಲೀಸು ಬೈಕು ನಿಲ್ಲಿಸಿ "ಏನ್ಲಾ ಇದು?" ಅಂದ. ಹೇಳಿದೆ.
ಹೆಲ್ಮೆಟ್ ತೆಗೆದು ಸ್ವಲ್ಪ ಹೊತ್ತು ನಿಂತಿದ್ದು ಹೋದ.
ಕರೆಂಟ್ ಬಿಲ್ಲಿನ ನೆನಪು ಆಮೇಲೆ ಬಂತು.

ಹನ್ನೊಂದನೆಯ ದಿನ ಬೆಳಗಿನ ಜಾವ,
ಬಸ್ಸಿನಲ್ಲಿ ಇನ್ನೊಂದು ದೇಶ ಸೇರಿ, ಅಲ್ಲಿಂದ ಹಾರಿ,
ಎರಡು ಟೆಂಪೊ ಮಾಡಿಕೊಂಡು ಬಂದಿಳಿದರು. ಹತ್ತೊಂಬತ್ತೂ.
ಟೀಚರು ರಸ್ತೆಯಲ್ಲೇ ಇನ್ನೊಮ್ಮೆ ಎಣಿಸಿದರು,
ನನ್ನನ್ನೂ ಸೇರಿಸಿ, ಇಪ್ಪತ್ತು ಬಂತು ಅಂತ ಗಾಬರಿಯಾದರು.

ಮಾರನೆಯ ದಿನ ಬಟ್ಟೆ ಬಂತು. ಹೂವಿನ ನೈಟಿ,
ಎರಡು ಸಲ ಒಗೆದರೂ ಹಪ್ಪಳದಂತೆ ಸೆಟೆದಿತ್ತು.
ಪೆಟ್ಟಿಗೆ ಇಟ್ಟ ಕೂಡಲೆ ಅಂಚಿನಲ್ಲಿ ಉಪ್ಪು ಚಟಪಟ ಅಂತು,
ಬಿಳೀ ಗೆರೆ ಮೂಡಿತು. ಎಷ್ಟು ತೀಡಿದರೂ ಹೋಗಲಿಲ್ಲ.
"ಬುಡು, ಇರ್ಲಿ," ಅಂದರು ಪುಟ್ಟತಾಯಮ್ಮ,
"ಅದು ಮುಳುಗಿಸಲಿಲ್ಲ ಕಣಪ್ಪ. ಮಾತು ಉಳಿಸ್ಕತು.
ಮೇಲಿಂದ ಬೀಳೋದಕ್ಕೆ ಸಮುದ್ರ ಏನು ಮಾಡಾದು?"

ಎರಡು ಗಂಟೆಗೆ ಫ್ಯಾಕ್ಟ್ರಿ ಸೈರನ್ ಕೂಗಿತು.
ಅಡ್ಡರಸ್ತೆಯಲ್ಲಿ ಏಳೆಂಟು ಬಾಗಿಲು ಒಟ್ಟಿಗೆ ತೆರೆದವು.
ಹೊಂಬಾಳಮ್ಮ ಸೌಟು ಹಿಡಿದೇ ಬೀದಿಗೆ ಬಂದು
ಇಳಿಯುವ ಮೆಟ್ಟಿಲು ಹುಡುಕಿದರು.
ನಮ್ಮೂರ ಮನೆಗಳಿಗೆ ಮೇಲಕ್ಕಷ್ಟೇ ಮೆಟ್ಟಿಲು.
ಒಬ್ಬರನ್ನೊಬ್ಬರು ನೋಡಿ ನಗಲು ಬಹಳ ಹೊತ್ತು ಬೇಕಾಯಿತು.

ಹದಿನೆಂಟು ವಾಪಸ್ಸು ಕೊಟ್ಟಿದ್ದೇನೆ.
ಪುಟ್ಟತಾಯಮ್ಮ ಮಾತ್ರ ಕೈ ಚಾಚಲಿಲ್ಲ:
"ಒಂದು ನಿನ್ನತ್ರಾನೇ ಇರ್ಲಿ."
ಸೊಂಟದಲ್ಲಿ ಈಗ ಅದೊಂದೇ.
ಒಂಟಿಯಾಗಿದ್ದಕ್ಕೆ, ನಡೆದರೂ ಸದ್ದಿಲ್ಲ.